ಮೀನು ನೋಡೋಕೆ ಚೆನ್ನೈವರೆಗೂ: ದಾವಣಗೆರೆಯ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಫೆಬ್ರವರಿಯಲ್ಲಿ ನಾವು ಮನೆಮಂದಿಯೆಲ್ಲ ಚೆನ್ನೈಗೆ ಹೋಗಿ ಅಕ್ವೇರಿಯಂ ನೋಡಿ ಬಂದೆವು. ದೊಡ್ಡವಳಿಗೆ 6 ವರ್ಷ, ಚಿಕ್ಕವನಿಗೆ 3. ಜೊತೆಗೆ ಅತ್ತೆ, ಮಾವ. ಬಂದ ಮೇಲೆ ಶುರುವಾಯಿತು ನೋಡಿ: ಶಾಲೆಯ ಗೇಟಿನ ಹತ್ತಿರ, ಮದುವೆ ಮನೆಯ ಪಂಕ್ತಿಯಲ್ಲಿ, ದೋಸೆ ಹೋಟೆಲ್‌ನಲ್ಲಿ, ಎಲ್ಲ ಕಡೆ ಅದೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಬೆಂಗಳೂರಲ್ಲೇ ಅಕ್ವೇರಿಯಂ ಇದೆಯಲ್ಲ, ಚೆನ್ನೈಗೆ ಯಾಕೆ?

ಇದೆ. ಕಬ್ಬನ್ ಪಾರ್ಕಿನ ಪಕ್ಕ, ಕಸ್ತೂರ್ಬಾ ರಸ್ತೆಯಲ್ಲಿ. 1983ರಲ್ಲಿ ಶುರುವಾದ ಸರ್ಕಾರಿ ಅಕ್ವೇರಿಯಂ. ನಾನು ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಗೋಡೆಯ ಉದ್ದಕ್ಕೂ ಟಿವಿ ಸಾಲಿಟ್ಟ ಹಾಗೆ ಗಾಜಿನ ತೊಟ್ಟಿಗಳಿದ್ದವು. ಮೇಷ್ಟ್ರು "ಮುಂದೆ ನಡೀರಿ, ಮುಂದೆ ನಡೀರಿ" ಅಂತ ತಳ್ಳುತ್ತಿದ್ದುದೇ ಜಾಸ್ತಿ ನೆನಪಿದೆ. ಅದನ್ನು ನೋಡುವ ಮನಸ್ಸಿದ್ದರೆ, ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಊರು ಬಿಡಿ.

ಚೆನ್ನೈಯದು ಬೇರೆ ತರಹ. ಈಸ್ಟ್ ಕೋಸ್ಟ್ ರೋಡ್‌ನ ಇಂಜಂಬಾಕ್ಕಂನಲ್ಲಿರುವ ವಿಜಿಪಿ ಮರೈನ್ ಕಿಂಗ್ಡಂ. 2019ರಲ್ಲಿ ಶುರುವಾಯಿತು. ಇಲ್ಲಿ ನೀರಿನ ಕೆಳಗೆ ಸುರಂಗದಲ್ಲಿ ನಡೆದು ಹೋಗಬಹುದು, ಮೀನು ತಲೆಯ ಮೇಲೆ ಈಜುತ್ತವೆ. ಮಳೆಕಾಡಿನ ಹೊಳೆ, ಕಂದರ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕರಾವಳಿ, ಆಳ ಸಮುದ್ರ ಅಂತ ಐದು ಭಾಗ ಮಾಡಿದ್ದಾರೆ. ಹೊಳೆ ಗೊತ್ತಿರುವ ನಮ್ಮ ಕಡೆಯ ಮಕ್ಕಳಿಗೆ ಈ ಜೋಡಣೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಕಾರಣವೂ ಇತ್ತು. ನಮ್ಮ ಮಕ್ಕಳು ಸಮುದ್ರವನ್ನೇ ನೋಡಿರಲಿಲ್ಲ. ಸಮುದ್ರ ನೋಡದ ಮಗುವಿಗೆ ಸಮುದ್ರದ ಮೀನು ತೋರಿಸಿದರೆ, ಅದು ಬಣ್ಣದ ಆಟಿಕೆ ನೋಡಿದ ಹಾಗೆ ನೋಡುತ್ತದೆ ಅಷ್ಟೇ. ಚೆನ್ನೈಯಲ್ಲಿ ಎರಡೂ ಆಗುತ್ತದೆ. ನಾವು ಮೊದಲನೇ ದಿನ ಸಂಜೆ ಬೀಚ್‌ಗೆ ಹೋಗಿ ಕಾಲು ತೋಯಿಸಿಕೊಂಡು, ನೀರು ಬಾಯಿಗೆ ಹಾಕಿ "ಥೂ, ಉಪ್ಪು" ಅನ್ನಿಸಿಕೊಂಡು, ಮಾರನೇ ದಿನ ಬೆಳಿಗ್ಗೆ ಅಕ್ವೇರಿಯಂಗೆ ಹೋದೆವು. ಈ ಕ್ರಮ ಮಾತ್ರ ತಪ್ಪಿಸಬೇಡಿ.

ಎಷ್ಟು ವಯಸ್ಸಿನ ಮಕ್ಕಳಿಗೆ ಸರಿ?

4ರಿಂದ 8 ವರ್ಷದವರಿಗೆ ಹೇಳಿ ಮಾಡಿಸಿದ ಹಾಗಿದೆ. 3 ವರ್ಷದವರು ಖುಷಿಪಡುತ್ತಾರೆ, ಆದರೆ ನೀವು ಅಂದುಕೊಂಡಿದ್ದಕ್ಕಲ್ಲ. ನಮ್ಮ ಚಿಕ್ಕವನು ದೊಡ್ಡ ಶಾರ್ಕ್ ಕಡೆ ತಿರುಗಿಯೂ ನೋಡಲಿಲ್ಲ. ನೆಲದ ಮೇಲೆ ನೀಲಿ ಬೆಳಕು ಅಲುಗಾಡುತ್ತಿತ್ತು, ಅದನ್ನು ತುಳಿಯೋಕೆ ನೋಡುತ್ತಿದ್ದ. ಕೈಗೂಸು ಇದ್ದರೆ ಅದಕ್ಕೋಸ್ಕರ ಹೋಗಬೇಡಿ. ದೊಡ್ಡ ಮಗುವಿಗಾಗಿ ಹೋಗಿ, ಕೂಸು ಜೊತೆಗೆ ಬರಲಿ.

ಹೋಗುವುದಕ್ಕೆ ಮುಂಚೆ ಮಕ್ಕಳಿಗೆ ಏನಾದರೂ ಹೇಳಿಕೊಡಬೇಕಾ?

ಪುಸ್ತಕ ಓದಿಸಬೇಕಾಗಿಲ್ಲ. ನೀರು ತೋರಿಸಿ. ನಾವು ಒಂದು ಭಾನುವಾರ ಸೂಳೆಕೆರೆಗೆ ಹೋಗಿದ್ದೆವು. ಶಾಂತಿಸಾಗರ ಅಂತ ಬೋರ್ಡಿನಲ್ಲಿರುತ್ತದೆ, ಬಾಯಲ್ಲಿ ಮಾತ್ರ ಸೂಳೆಕೆರೆಯೇ. ದಡದಲ್ಲಿ ಮೀನು ಹಿಡಿಯುವವರು ಬಲೆ ಬಿಡಿಸುತ್ತಿದ್ದರು. ಕಾಟ್ಲಾ, ರೋಹು, ಜಿಲೇಬಿ ಮೀನು ತೋರಿಸಿದರು. ಕಿವಿರು ತೆರೆದು ಕೆಂಪಗಿರುವುದನ್ನು ಮಗಳು ಮೂಗು ಮುಚ್ಚಿಕೊಂಡೇ ನೋಡಿದಳು. ಚೆನ್ನೈಯಲ್ಲಿ ಮೊದಲನೇ ತೊಟ್ಟಿ ಕಂಡಾಗ ಅವಳ ಬಾಯಿಂದ ಬಂದ ಮೊದಲ ಮಾತು, "ಅಮ್ಮಾ, ಕಿವಿರು ಆಡಿಸ್ತಾ ಇದೆ!"

ಹರಿಹರದವರಿಗೆ ತುಂಗಭದ್ರೆ ಮನೆ ಮುಂದೆಯೇ ಇದೆ. ಚಿತ್ರದುರ್ಗ, ಹಿರಿಯೂರಿನ ಕಡೆಯವರಿಗೆ ಮಾರಿಕಣಿವೆ ಇದೆ. ವಾಣಿವಿಲಾಸ ಸಾಗರ ಅಂದರೆ ಅದೇ. 1933ರ ನಂತರ ಮೊದಲ ಸಲ 2022ರಲ್ಲಿ ತುಂಬಿ ಕೋಡಿ ಬಿದ್ದಾಗ ಜನ ಬಂಡಿ ಕಟ್ಟಿಕೊಂಡು ಹೋಗಿ ನೋಡಿದ್ದರಲ್ಲ, ಹಾಗೆ ನೀರು ನೋಡೋಕೆ ಹೋಗುವ ಅಭ್ಯಾಸ ನಮ್ಮವರಿಗೆ ಇದ್ದೇ ಇದೆ.

ಇಲ್ಲಿಂದ ಹೋಗೋದು ಹೇಗೆ?

ಒಂದೇ ಏಟಿಗೆ ಹೋಗಬೇಡಿ, ಮಕ್ಕಳು ಸೊರಗುತ್ತಾರೆ. ನಾವು ಎರಡು ತುಂಡು ಮಾಡಿಕೊಂಡೆವು. ಧಾರವಾಡದಿಂದ ಬರುವ ವಂದೇ ಭಾರತ್ ಮಧ್ಯಾಹ್ನ ದಾವಣಗೆರೆಗೆ ಬರುತ್ತದೆ. 2023ರ ಜೂನ್‌ನಿಂದ ಓಡುತ್ತಿದೆ. ಸಂಜೆ ಬೆಂಗಳೂರು. ರಾತ್ರಿ ನನ್ನ ತಂಗಿಯ ಮನೆ. ಬೆಳಿಗ್ಗೆ ಮತ್ತೆ ರೈಲು. ಶತಾಬ್ದಿ, ಲಾಲ್‌ಬಾಗ್ ಎಕ್ಸ್‌ಪ್ರೆಸ್ ಎರಡೂ ಬೆಳಿಗ್ಗೆ ಬೇಗ ಹೊರಡುತ್ತವೆ. ದೂರ ಸುಮಾರು 360 ಕಿಲೋಮೀಟರ್. ಮಧ್ಯಾಹ್ನದ ಊಟದ ಹೊತ್ತಿಗೆ ಚೆನ್ನೈಯಲ್ಲಿರುತ್ತೀರಿ. ಸಮಯ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ.

ಚಿತ್ರದುರ್ಗದವರ ಕಷ್ಟ ಬೇರೆ. ಅವರ ಊರು ಮುಖ್ಯ ರೈಲು ದಾರಿಯಲ್ಲಿಲ್ಲ, ಚಿಕ್ಕಜಾಜೂರಿನಿಂದ ಒಡೆದು ಹೋಗುವ ಕವಲಿನಲ್ಲಿದೆ. ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ದಾರಿ ಬರುತ್ತದೆ, ಬರುತ್ತದೆ ಅಂತ ಕೇಳಿ ಕೇಳಿ ಅವರಿಗೂ ಸಾಕಾಗಿದೆ. ಬೆಂಗಳೂರಿಗೆ ಬಸ್ಸೇ ಸಲೀಸು.

ರೈಲಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. 5 ದಾಟಿದ ಮಗುವಿಗೆ ಸೀಟು ಬೇಕೆಂದರೆ ಪೂರ್ತಿ ಟಿಕೆಟ್. "ಅರ್ಧ ಟಿಕೆಟ್" ಅನ್ನುವ ನಮ್ಮ ಕಾಲದ ಲೆಕ್ಕ ಇಟ್ಟುಕೊಂಡು ಹೊರಟರೆ ಖರ್ಚು ತಪ್ಪುತ್ತದೆ.

ಚೆನ್ನೈ ಸೆಂಟ್ರಲ್‌ನಿಂದ ಇಂಜಂಬಾಕ್ಕಂ 20 ಕಿಲೋಮೀಟರ್‌ಗಿಂತ ಜಾಸ್ತಿ. ಅದಕ್ಕೇ ರೂಮನ್ನು ಸ್ಟೇಷನ್ ಹತ್ತಿರ ಮಾಡಬೇಡಿ, ಈಸ್ಟ್ ಕೋಸ್ಟ್ ರೋಡ್ ಕಡೆಗೇ ಮಾಡಿ. ನಾವು ಸ್ಟೇಷನ್ ಎದುರು ಮಾಡಿ, ಬೆಳಿಗ್ಗೆ ಟ್ರಾಫಿಕ್ಕಿನಲ್ಲಿ ಒಂದೂವರೆ ತಾಸು ಕೂತೆವು. ಚಿಕ್ಕವನು ಟ್ಯಾಕ್ಸಿಯಲ್ಲಿ ವಾಂತಿ ಮಾಡಿಕೊಂಡ. ಡ್ರೈವರಣ್ಣ ಬೈಯಲಿಲ್ಲ, ಅದು ನಮ್ಮ ಪುಣ್ಯ.

ಯಾವ ತಿಂಗಳು ಒಳ್ಳೆಯದು?

ಜನವರಿ ಕೊನೆ, ಫೆಬ್ರವರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈಗೆ ಹಿಂಗಾರು ಮಳೆ, ಚಂಡಮಾರುತದ ಕಾಟವೂ ಇರುತ್ತದೆ. ಬೇಸಿಗೆ ರಜೆಯಲ್ಲೇ ಆಗಬೇಕು ಅಂದರೆ ಅಕ್ವೇರಿಯಂ ಒಳಗೆ ತಂಪಾಗಿರುತ್ತದೆ, ಹೊರಗೆ ಕಾಲಿಟ್ಟರೆ ಬೆವರಿನ ಸ್ನಾನ. ನಮ್ಮೂರಿನ ಬಿಸಿಲೂ ಕಡಿಮೆಯೇನಲ್ಲ, ಆದರೆ ಇದು ಒಣ ಬಿಸಿಲು, ಅಲ್ಲಿಯದು ಅಂಟು ಸೆಕೆ.

ನಮ್ಮ ಸಂಕ್ರಾಂತಿಯ ರಜೆ ಅಂತ ಮಾತ್ರ ಹೋಗಬೇಡಿ. ಅವರಿಗೆ ಅದು ಪೊಂಗಲ್. ಆ ದಿನಗಳಲ್ಲಿ, ಅದರಲ್ಲೂ ಕಾಣುಂ ಪೊಂಗಲ್‌ನಂದು, ಇಡೀ ಊರು ಬೀಚಿನಲ್ಲೇ ಇರುತ್ತದೆ.

ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಬೆಳಿಗ್ಗೆ ಮಕ್ಕಳ ಹೊಟ್ಟೆಯೂ ತುಂಬಿರುತ್ತದೆ, ಮೂಡೂ ಸರಿ ಇರುತ್ತದೆ.

ಟಿಕೆಟ್ ದುಬಾರಿಯಾ?

ನಮ್ಮಂಥವರಿಗೆ ಹೌದು. ದರ ಬದಲಾಗುತ್ತಿರುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ಇಂಥ ಬಹಳ ಜಾಗಗಳಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸಿನಿಂದಲ್ಲ, ಎತ್ತರದಿಂದ ಅಳೆಯುತ್ತಾರೆ. ಗೋಡೆಗೆ ಗುರುತು ಹಾಕಿರುತ್ತಾರೆ. ಅಜ್ಜಿ ಮೊಮ್ಮಗಳಿಗೆ "ಸ್ವಲ್ಪ ಬಗ್ಗು" ಅಂತ ಪಿಸುಗುಟ್ಟಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ ಅಂತಿಟ್ಟುಕೊಳ್ಳಿ.

ಒಳಗೆ ಎಷ್ಟು ಹೊತ್ತು ಬೇಕು?

ಒಂದೂವರೆಯಿಂದ ಎರಡು ತಾಸು. ದೊಡ್ಡವರು ಸುಮ್ನೆ ನಡೆದರೆ 40 ನಿಮಿಷಕ್ಕೆ ಮುಗಿಯುತ್ತದೆ. ಮುಗಿಸಬಾರದು, ಅದೇ ವಿಷಯ. ಕೊಟ್ಟ ದುಡ್ಡಿಗೆ ಎಲ್ಲ ತೊಟ್ಟಿ ನೋಡಲೇಬೇಕು ಅಂತ ಮಕ್ಕಳನ್ನು ಎಳೆದುಕೊಂಡು ಹೋಗುವವರನ್ನು ಕಂಡರೆ ನನಗೆ ನಮ್ಮ ಮೇಷ್ಟ್ರೇ ನೆನಪಾಗುತ್ತಾರೆ. ನಮ್ಮವಳು ಚಪ್ಪಟೆ, ಅಗಲ ಮೈಯ ಒಂದು ತೊರಕೆ ಮೀನಿನ ಮುಂದೆ ಕಾಲು ಗಂಟೆ ನೆಲಕ್ಕೆ ಕೂತಳು. ಆ ಮೀನು ಗಾಜಿಗೆ ಹೊಟ್ಟೆ ಒತ್ತಿಕೊಂಡು ಮೇಲೇರುತ್ತದೆ. ಕೆಳಗಿನಿಂದ ನೋಡಿದರೆ ಎರಡು ಕಣ್ಣು, ಒಂದು ನಗು. "ಅದು ನನ್ನ ನೋಡಿ ನಗ್ತಿದೆ" ಅಂದಳು. ನಿಜ ಹೇಳಬೇಕೆಂದರೆ ಅವು ಕಣ್ಣಲ್ಲ, ಮೂಗಿನ ಹೊಳ್ಳೆ. ಕಣ್ಣು ಬೆನ್ನಿನ ಕಡೆಗಿರುತ್ತದೆ. ಅದನ್ನು ನಾನು ವಾಪಸ್ ಬರುವಾಗ ರೈಲಿನಲ್ಲಿ ಹೇಳಿದೆ.

ಸುರಂಗದಲ್ಲಿ ಮಕ್ಕಳು ಹೆದರಲ್ವಾ? ಗಾಜು ಒಡೆದರೆ?

ಮಕ್ಕಳು ಹೆದರಲಿಲ್ಲ, ನಮ್ಮತ್ತೆ ಹೆದರಿದರು. "ಇಷ್ಟು ನೀರು ತಲೆ ಮೇಲಿದೆ, ನಾನು ಒಲ್ಲೆ" ಅಂತ ಬಾಗಿಲಲ್ಲೇ ನಿಂತರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅದು ಗಾಜಲ್ಲ, ಅಕ್ರಿಲಿಕ್. ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್. ಗಾಜಿಗಿಂತ ಹಗುರ, ಏಟು ಬಿದ್ದರೆ ಗಾಜಿನ ಹಾಗೆ ಚೂರಾಗುವುದಿಲ್ಲ. ಎಷ್ಟು ದಪ್ಪ ಬೇಕಾದರೂ ಮಾಡಬಹುದು. ದುಬೈ ಮಾಲ್‌ನಲ್ಲಿರುವ ಅಕ್ವೇರಿಯಂನ ದೊಡ್ಡ ಹಲಗೆ 75 ಸೆಂಟಿಮೀಟರ್ ದಪ್ಪ ಇದೆ. ಅಂದರೆ ಎರಡೂವರೆ ಅಡಿ ಹತ್ತಿರ! ಸುರಂಗದ ಮೇಲ್ಭಾಗ ಕಮಾನಿನ ಆಕಾರದಲ್ಲಿರುವುದೂ ಸುಮ್ನೆ ಚಂದಕ್ಕಲ್ಲ. ಹಳೆಯ ಸೇತುವೆಯ ಕಮಾನಿನ ಹಾಗೆ ಭಾರವನ್ನು ಎರಡೂ ಬದಿಗೆ ಹಂಚುತ್ತದೆ.

ಇನ್ನೊಂದು ಮಾತು. ನೀರಿನ ಒತ್ತಡ ಆಳದ ಲೆಕ್ಕ, ಅಗಲದ್ದಲ್ಲ. ಸೂಳೆಕೆರೆಯಷ್ಟು ನೀರಿದ್ದರೂ 3 ಮೀಟರ್ ಆಳದಲ್ಲಿ ಇರುವ ಒತ್ತಡ, 3 ಮೀಟರ್ ಆಳದ ಮನೆ ಸಂಪಿನಲ್ಲಿ ಇರುವಷ್ಟೇ. "ಹಂಗಾರೆ ನಮ್ಮ ಸಂಪು ಒಡೆದಿಲ್ವಲ್ಲ" ಅಂದು ಅತ್ತೆ ಒಳಗೆ ಬಂದರು. ಬಂದ ಮೇಲೆ ಹೊರಗೆ ಕರೆದುಕೊಂಡು ಬರುವುದೇ ಕಷ್ಟವಾಯಿತು.

ಕತ್ತಲಿಗೆ ಹೆದರುವ ಮಗು ಇದ್ದರೆ ಒಂದು ಉಪಾಯ: ಹಿಂದಿನ ರಾತ್ರಿ ರೂಮಿನ ಲೈಟ್ ಆರಿಸಿ ಮೊಬೈಲ್ ಟಾರ್ಚಿನಲ್ಲಿ ಗೋಡೆ ಮೇಲೆ ಮೀನಿನ ನೆರಳು ಆಡಿಸಿ. ಕತ್ತಲು ಅಂದರೆ ಆಟ ಅಂತ ಆಗಿಬಿಡುತ್ತದೆ.

ಮಕ್ಕಳು ಕೇಳುವ ಪ್ರಶ್ನೆಗೆ ನನಗೇ ಉತ್ತರ ಗೊತ್ತಿರಲ್ಲ. ಏನು ಮಾಡಲಿ?

ನನಗೂ ಗೊತ್ತಿರಲಿಲ್ಲ. ಕೆಲವನ್ನು ಆಮೇಲೆ ಓದಿ ತಿಳಿದುಕೊಂಡೆ. ನಿಮಗೆ ರೆಡಿ ಇರಲಿ.

"ಮೀನು ಉಚ್ಚೆ ಎಲ್ಲಿ ಮಾಡುತ್ತೆ?" ಇದು ಬಂದೇ ಬರುತ್ತದೆ. ನೀರಿನಲ್ಲೇ. ಹೊಲಸಿನ ಬಹುಪಾಲು ಕಿವಿರಿನಿಂದಲೇ ಅಮೋನಿಯಾ ಆಗಿ ಹೊರಗೆ ಹೋಗುತ್ತದೆ. ಅದು ಮೀನಿಗೆ ವಿಷ. ತೊಟ್ಟಿಯ ಹಿಂದೆ ದೊಡ್ಡ ಸೋಸುವ ಯಂತ್ರಗಳಿವೆ, ಅವುಗಳಲ್ಲಿ ಬ್ಯಾಕ್ಟೀರಿಯಾ ಸಾಕಿರುತ್ತಾರೆ. ಹಾಲು ಮೊಸರಾಗಲು ಕಣ್ಣಿಗೆ ಕಾಣದ ಜೀವಿ ಕೆಲಸ ಮಾಡುತ್ತದಲ್ಲ, ಹಾಗೆ ಇಲ್ಲಿ ಬೇರೆ ಜೀವಿಗಳು ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟೊಂದು ಕೆಡುಕಲ್ಲ.

"ಮೀನು ನೀರು ಕುಡಿಯುತ್ತಾ?" ಸಮುದ್ರದ ಮೀನು ಕುಡಿಯುತ್ತದೆ. ಉಪ್ಪುನೀರು ಅದರ ಮೈಯಿಂದ ನೀರು ಎಳೆಯುತ್ತದೆ, ಅದಕ್ಕೆ ಕುಡಿಯಲೇಬೇಕು. ನಮ್ಮ ಕೆರೆಯ ಮೀನಿಗೆ ಉಲ್ಟಾ. ನೀರು ತಾನಾಗೇ ಮೈಯೊಳಗೆ ನುಗ್ಗುತ್ತದೆ, ಕುಡಿಯುವ ಕೆಲಸವೇ ಇಲ್ಲ, ಉಚ್ಚೆ ಮಾತ್ರ ಜಾಸ್ತಿ. ಈ ಉತ್ತರಕ್ಕೆ ನಮ್ಮ ಚಿಕ್ಕವನು ಬಿದ್ದು ಬಿದ್ದು ನಕ್ಕ.

"ಶಾರ್ಕ್ ಪಕ್ಕದ ಮೀನನ್ನು ತಿನ್ನಲ್ವಾ?" ಹೊಟ್ಟೆ ತುಂಬ ಹಾಕಿರುತ್ತಾರೆ, ಅದಕ್ಕೆ ಸುಮ್ನಿರುತ್ತದೆ. ಒಂದೊಂದು ಸಲ ತಿನ್ನುವುದೂ ಉಂಟು. ಶಾರ್ಕಿಗೆ ಮೂಳೆಯೇ ಇಲ್ಲ ಅಂತ ಹೇಳಿ, ನಮ್ಮ ಕಿವಿಯಲ್ಲಿರುವ ಮೃದುವಾದ ಎಲುಬಿನಂಥದ್ದೇ ಅದರ ಮೈಯೆಲ್ಲ. ಆಗ ಮಕ್ಕಳೆಲ್ಲ ತಂತಮ್ಮ ಕಿವಿ ಹಿಡಿದು ಬಗ್ಗಿಸಿ ನೋಡುತ್ತಾರೆ.

"ಮೀನು ಕಣ್ಣು ಮುಚ್ಚಲ್ಲ, ಹೆಂಗೆ ಮಲಗುತ್ತೆ?" ಬಹಳಷ್ಟು ಮೀನಿಗೆ ರೆಪ್ಪೆಯೇ ಇಲ್ಲ. ಕಣ್ಣು ಬಿಟ್ಟುಕೊಂಡೇ ಒಂದು ಮೂಲೆಯಲ್ಲಿ ನಿಂತು ದಣಿವಾರಿಸಿಕೊಳ್ಳುತ್ತವೆ.

ಕಡಲಕುದುರೆಯ ತೊಟ್ಟಿ ಸಿಕ್ಕರೆ ಅಲ್ಲಿ ಅಪ್ಪಂದಿರನ್ನು ನಿಲ್ಲಿಸಿ. ಅದರಲ್ಲಿ ಮೊಟ್ಟೆ ಹೊರುವುದು, ಮರಿ ಹಾಕುವುದು ಗಂಡು. ಹೆಣ್ಣು ಗಂಡಿನ ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ನಮ್ಮ ಯಜಮಾನರು ಇದನ್ನು ಓದಿ ಏನೂ ಮಾತಾಡಲಿಲ್ಲ, ಚಿಕ್ಕವನನ್ನು ಎತ್ತಿಕೊಂಡು ಮುಂದೆ ಹೋದರು.

ಡಾಲ್ಫಿನ್ ಇದೆಯಾ?

ಇಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಡಾಲ್ಫಿನ್ ಹಿಡಿದಿಟ್ಟು ಆಟ ಆಡಿಸುವ ಜಾಗಗಳಿಗೆ ಅನುಮತಿ ಕೊಡುವುದಿಲ್ಲ ಅಂತ ಕೇಂದ್ರ ಸರ್ಕಾರ 2013ರಲ್ಲೇ ಹೇಳಿದೆ. ಒಳ್ಳೆಯದೇ ಮಾಡಿದರು.

ಊಟ-ತಿಂಡಿ ಒಯ್ಯಬಹುದಾ?

ಸಾಮಾನ್ಯವಾಗಿ ಇಂಥ ಕಡೆ ಒಳಗೆ ಬುತ್ತಿ ಬಿಚ್ಚಲು ಬಿಡುವುದಿಲ್ಲ. ಕೂಸಿನ ಹಾಲು, ನೀರಿನ ಬಾಟಲಿ ಬಗ್ಗೆ ಗೇಟಿನಲ್ಲಿ ಕೇಳಿ. ರೈಲಿಗೆ ಮಾತ್ರ ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ, ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿ ಇರಲಿ. ಚೆನ್ನೈ ಇಡ್ಲಿ ಮೆತ್ತಗಿರುತ್ತದೆ, ಮಕ್ಕಳು ತಿನ್ನುತ್ತಾರೆ. ದೋಸೆ ಹೇಗಿತ್ತು ಅಂತ ದಾವಣಗೆರೆಯವರನ್ನು ಕೇಳಬೇಡಿ.

ಶೌಚಾಲಯ?

ಒಳಗೆ ಹೋಗುವ ಮುಂಚೆ ಎಲ್ಲರನ್ನೂ ಕಳಿಸಿ, ಬರಲ್ಲ ಅಂದವರನ್ನೂ. ನೀರು ಹರಿಯುವ ಸದ್ದು ಕೇಳಿದರೆ ಚಿಕ್ಕವರಿಗೆ ತಡೆಯೋಕಾಗಲ್ಲ. ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ.

ಮಗು ತಪ್ಪಿಸಿಕೊಂಡರೆ?

ನಮ್ಮ ಚಿಕ್ಕವನು ಎರಡು ನಿಮಿಷ ತಪ್ಪಿಸಿಕೊಂಡ. ತಪ್ಪು ನಮ್ಮದೇ. ನಾನು ಅವನು ಅಪ್ಪನ ಜೊತೆ ಇದ್ದಾನೆ ಅಂದುಕೊಂಡೆ, ಅವರು ನನ್ನ ಜೊತೆ ಅಂದುಕೊಂಡರು. ಆತ ಬೇರೆ ಯಾರೋ ಅಕ್ಕನ ಸೆರಗು ಹಿಡಿದು ಆರಾಮಾಗಿ ನಡೆಯುತ್ತಿದ್ದ. ನನ್ನದೂ ಹಸಿರು ಸೀರೆ, ಅವರದೂ ಹಸಿರು. ನೀಲಿ ಬೆಳಕಿನಲ್ಲಿ ಎಲ್ಲ ಬಣ್ಣವೂ ಒಂದೇ. ಆ ಎರಡು ನಿಮಿಷ ನನ್ನ ಕೈಕಾಲು ಆಡಲಿಲ್ಲ.

ಅದಕ್ಕೇ ಹೇಳುತ್ತೇನೆ. ಮಕ್ಕಳಿಗೆ ಬಿಳಿ ಅಂಗಿ ಹಾಕಿ, ಕತ್ತಲಲ್ಲೂ ಕಾಣುತ್ತದೆ. ಬೆಳಿಗ್ಗೆ ಹೊರಡುವಾಗಲೇ ಒಂದು ಫೋಟೊ ತೆಗೆದಿಡಿ. ಮುಂಗೈ ಮೇಲೆ ಪೆನ್ನಿನಿಂದ ಫೋನ್ ನಂಬರ್ ಬರೆಯಿರಿ. ಮಗು ಕನ್ನಡದಲ್ಲಿ ಅಳುತ್ತದೆ, ಅಲ್ಲಿಯವರು ತಮಿಳಿನಲ್ಲಿ ಸಮಾಧಾನ ಮಾಡುತ್ತಾರೆ, ನಂಬರ್ ಇದ್ದರೆ ಭಾಷೆ ಬೇಡ. ಯಾವ ಮಗು ಯಾರ ಕೈಯಲ್ಲಿ ಅನ್ನುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ.

ಫೋಟೊ ಚೆನ್ನಾಗಿ ಬರಲ್ಲ ಅಂತಾರಲ್ಲ?

ಫ್ಲ್ಯಾಶ್ ಹಾಕಿದರೆ ಗಾಜಿನ ಮೇಲೆ ಬಿಳಿ ಕಲೆ ಬಿಟ್ಟು ಏನೂ ಬರುವುದಿಲ್ಲ, ರೆಪ್ಪೆ ಇಲ್ಲದ ಮೀನಿಗೂ ಹಿಂಸೆ. ಫ್ಲ್ಯಾಶ್ ಆರಿಸಿ, ಮೊಬೈಲನ್ನು ಗಾಜಿಗೆ ತಾಗಿಸಿ ಹಿಡಿಯಿರಿ. ನಾಲ್ಕು ತೆಗೆದು ಜೇಬಿಗೆ ಹಾಕಿ. ಗಾಜು ಬಡಿಯಲು ಮಕ್ಕಳನ್ನು ಬಿಡಬೇಡಿ, ಆ ಸದ್ದು ನೀರಿನಲ್ಲಿ ಜೋರಾಗಿ ಕೇಳುತ್ತದೆ.

ಅಜ್ಜ-ಅಜ್ಜಿಯನ್ನು ಕರೆದುಕೊಂಡು ಹೋಗಬಹುದಾ? ನಮ್ಮದು ಮೀನು ತಿನ್ನದ ಮನೆ.

ನಮ್ಮದೂ ಅದೇ. ಹೊರಡುವಾಗ ಪಕ್ಕದ ಮನೆಯವರು "ತಿನ್ನದವರಿಗೆ ಮೀನು ನೋಡೋ ಹುಚ್ಚು ಯಾಕೆ" ಅಂದರು. ತಿನ್ನದವರೇ ಸಮಾಧಾನವಾಗಿ ನೋಡುತ್ತಾರೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ನಮ್ಮ ಹಿಂದೆ ಬರುತ್ತಿದ್ದ ಒಂದು ಕುಟುಂಬ ಪ್ರತಿ ತೊಟ್ಟಿಯ ಮುಂದೆಯೂ "ಇದು ಸಾರಿಗೆ ಚೆನ್ನಾಗಿರುತ್ತೆ, ಇದು ಫ್ರೈಗೆ" ಅಂತ ಲೆಕ್ಕ ಹಾಕುತ್ತಿತ್ತು. ಅವರೂ ಕನ್ನಡದವರೇ, ಮಂಗಳೂರಿನ ಕಡೆಯವರು. ಮಾವನಿಗೆ ಅವರ ಜೊತೆ ಗೆಳೆತನವಾಯಿತು. ತೊರಕೆ ಅನ್ನುವ ಹೆಸರನ್ನು ನಮಗೆ ಹೇಳಿಕೊಟ್ಟಿದ್ದೂ ಆ ಮಂಗಳೂರಿನವರೇ. ಮಂಡಿನೋವು ಇದ್ದವರಿಗೆ ನಡಿಗೆ ಜಾಸ್ತಿ ಅನ್ನಿಸಬಹುದು, ಕೂರುವ ಜಾಗ ಕಂಡಲ್ಲೆಲ್ಲ ಕೂರಿಸಿ.

ಮೀನನ್ನು ಹೀಗೆ ಕೂಡಿಹಾಕುವುದು ಸರಿಯಾ?

ನನ್ನ ಮಗಳು ಸುರಂಗದಲ್ಲಿ ಕೇಳಿದಳು, "ಇವು ಮನೆಗೆ ಯಾವಾಗ ಹೋಗ್ತಾವೆ?" ಉತ್ತರ ಕೊಡಲಿಲ್ಲ ನಾನು. ದೊಡ್ಡ ಶಾರ್ಕು ಅದೇ ಗೋಡೆಯ ಸುತ್ತ ಸುತ್ತುವುದನ್ನು ನೋಡಿದರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ಇನ್ನೊಂದು ಕಡೆ, ಸಮುದ್ರದಿಂದ ಇಷ್ಟು ದೂರ ಇರುವ ನಮ್ಮ ಮಕ್ಕಳು ಶಾರ್ಕಿಗೆ ಹೆದರುವುದನ್ನು ಬಿಟ್ಟು ಅದರ ಬಗ್ಗೆ ಮರುಗಿದ್ದೂ ಅಲ್ಲೇ. ನನಗೆ ಇನ್ನೂ ಒಂದು ತೀರ್ಮಾನಕ್ಕೆ ಬರಲಾಗಿಲ್ಲ. ವರ್ಷವರ್ಷ ಹೋಗುವ ಜಾಗ ಅಂತೂ ಅಲ್ಲ.

ಮನೆಗೆ ಬಂದ ಮೇಲೆ ಮೀನು ಬೇಕು ಅಂತ ಹಟ ಮಾಡುತ್ತಿದ್ದಾರೆ. ತರಬಹುದಾ?

ಗುಂಡನೆಯ ಗಾಜಿನ ಬೋಗುಣಿಯಲ್ಲಿ ಗೋಲ್ಡ್ ಫಿಶ್ ಮಾತ್ರ ಬೇಡ. ಅದು ಬೆಳೆಯುವ ಮೀನು, ಹೊಲಸೂ ಜಾಸ್ತಿ, ಆ ಬೋಗುಣಿಯಲ್ಲಿ ಬಹಳ ದಿನ ಬಾಳುವುದಿಲ್ಲ. ಆಮೇಲೆ ಅಳುವುದು ಮಕ್ಕಳು, ಎತ್ತಿ ಹಾಕುವುದು ನಾವು. ಗಪ್ಪಿ ತನ್ನಿ. ಸಣ್ಣದು, ಗಟ್ಟಿ ಜೀವ, ಸೊಳ್ಳೆಯ ಹುಳು ತಿನ್ನುತ್ತದೆ. ಇದೇ ಕಾರಣಕ್ಕೆ ಆರೋಗ್ಯ ಇಲಾಖೆಯವರೂ ತೊಟ್ಟಿ, ಬಾವಿಗಳಿಗೆ ಗಪ್ಪಿ ಬಿಡಿಸುತ್ತಾರೆ. ನಲ್ಲಿ ನೀರನ್ನು ಹಾಗೇ ಸುರಿಯಬೇಡಿ, ಕ್ಲೋರಿನ್ ಇರುತ್ತದೆ. ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಆಮೇಲೆ ಹಾಕಿ. ಪೂರ್ತಿ ನೀರು ಒಂದೇ ಸಲ ಬದಲಾಯಿಸಬೇಡಿ, ಸೋಸುವ ಬ್ಯಾಕ್ಟೀರಿಯಾ ಕಥೆ ಹೇಳಿದೆನಲ್ಲ, ಅದು ಮನೆಯ ತೊಟ್ಟಿಗೂ ಅನ್ವಯಿಸುತ್ತದೆ.

ಬೇಜಾರಾಯಿತು ಅಂತ ಒಯ್ದು ಕುಂದವಾಡ ಕೆರೆಗೆ ಬಿಡಬೇಡಿ. ಅದು ನಾವು ಕುಡಿಯುವ ನೀರು. ಅಂಗಡಿಯವರು "ಗಾಜು ಕ್ಲೀನ್ ಮಾಡುತ್ತೆ" ಅಂತ ಕೊಡುವ ಒರಟು ಮೈಯ ಸಕ್ಕರ್ ಮೀನು ಹೀಗೆ ಬಿಟ್ಟು ಬಿಟ್ಟೇ ಎಷ್ಟೋ ಕೆರೆಗಳಲ್ಲಿ ಬಲೆ ಹರಿಯುತ್ತಿದೆ. ಸಾಕಲಾಗದಿದ್ದರೆ ಅಂಗಡಿಗೇ ವಾಪಸ್ ಕೊಡಿ.

ನಮ್ಮ ಮನೆಯಲ್ಲಿ ಈಗ ತುಳಸಿಕಟ್ಟೆಯ ಪಕ್ಕದ ಹಳೆಯ ಕಲ್ಲು ಬಾನಿಯಲ್ಲಿ ಹನ್ನೊಂದು ಗಪ್ಪಿಗಳಿವೆ. ತಂದಿದ್ದು ನಾಲ್ಕು.